ಸರದಿಯ ನಿದ್ದೆ

ಅದು ಶುರುವಾದದ್ದು ಜ್ಯೇಷ್ಠದ ಬಿಸಿಲಲ್ಲಿ, ಮಧ್ಯಾಹ್ನ ಎರಡೂ ಕಾಲು ಗಂಟೆಗೆ. ದಿಲ್ಲಿಯಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಹೊತ್ತು ಅದು. ಬೀದಿನಾಯಿಗಳು ಕಾರುಗಳ ಅಡಿಯ ನೆರಳು ಬಿಟ್ಟು ಹೊರಗೆ ಬರುವುದಿಲ್ಲ. ದ್ವಾರಕಾದ ಆ ಸೊಸೈಟಿಯ ಗೇಟಿನ ಪಕ್ಕದಲ್ಲಿ ಒಂದು ಉದ್ದ ಕೋಣೆ ಇದೆ, ಅದರಲ್ಲೊಂದು ದೊಡ್ಡ ಕೂಲರು. ಊಟ ಮುಗಿಸಿದ ನಾಲ್ಕು ಜನ ಮುದುಕರು ಅಲ್ಲಿ ರಮ್ಮಿ ಆಡುತ್ತಿದ್ದರು. ಒಬ್ಬರು ಜಯಾನಂದರು. ಕುಂದಾಪುರದ ಕಡೆಯವರು, ಹದಿನಾರನೇ ವಯಸ್ಸಿಗೆ ದಿಲ್ಲಿಗೆ ಬಂದು ಹೋಟೆಲಿನ ಒಲೆ ಮುಂದೆಯೇ ಕೂದಲು ಬಿಳಿ ಮಾಡಿಕೊಂಡವರು. ಎದುರಿಗೆ ಜಗನ್ನಾಥ, ಸೊಸೈಟಿಯ ಸೆಕ್ರೆಟರಿ. ಧಾರವಾಡದ ಕಡೆಯವರು, ಸರ್ಕಾರಿ ಕಚೇರಿಯಿಂದ ನಿವೃತ್ತರಾದರೂ ಕಿಸೆಯಲ್ಲಿ ಇನ್ನೂ ಎರಡು ಪೆನ್ನು ಇಟ್ಟುಕೊಳ್ಳುವವರು.

"ಎಲೆ ಹಾಕ್ರೀ ಜಯಾನಂದ. ಇಡ್ಲಿ ಬೇಯೋತನಕ ಕಾಯಬೇಕೇನು?"

"ಇಡ್ಲಿ ಬೆಂದರೆ ನಾನೇ ಹೇಳ್ತೇನೆ. ನಿಮ್ಮ ಫೈಲಿನ ಹಾಗೆ ವರ್ಷ ಹಿಡಿಯೂದಿಲ್ಲ."

ಎಲ್ಲರೂ ನಗುತ್ತಿದ್ದಾಗಲೇ ಕಾವಲುಗಾರ ರಾಮ್‌ಬೀರ್ ಬಾಗಿಲು ದೂಡಿದ. "ಬಾವೂಜಿ, ಸಾತ್ ಸೌ ದೋ!" ಏಳುನೂರ ಎರಡು ಅಂದರೆ ಜಯಾನಂದರ ಮನೆ. ಗೇಟಿನ ಕೋಣೆಯ ಹಲಗೆಯ ಮೇಲೆ ಆ ನಂಬರಿನ ಕೆಂಪು ದೀಪ ಹತ್ತಿತ್ತು.

ಮೇಲೆ ಹೋಗಿ ನೋಡಿದರೆ ಉಮಾವತಿ ಅಡಿಗೆಮನೆಗೂ ಬಚ್ಚಲಿಗೂ ನಡುವೆ ಬಿದ್ದಿದ್ದಳು. ಎಡಗೈ ಮೈಯಡಿ ಸಿಕ್ಕಿಕೊಂಡಿತ್ತು. ಬಲಗೈ ಕೊರಳಲ್ಲಿ ನೇತುಹಾಕಿದ್ದ ಬಿಳಿ ಗುಂಡಿಯನ್ನು ಇನ್ನೂ ಒತ್ತಿ ಹಿಡಿದೇ ಇತ್ತು. ಅವಳು ಅಳುತ್ತಿರಲಿಲ್ಲ. ಎದುರು ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಹ್ವಾಯ್," ಅಂದಳು. ಮದುವೆಯಾದ ದಿನದಿಂದ ಗಂಡನನ್ನು ಅವಳು ಕರೆದದ್ದು ಹಾಗೆಯೇ. "ಹನ್ನೊಂದು ನಿಮಿಷ ಆಯ್ತು ಒತ್ತಿ."

ಜಯಾನಂದರು ನೆಲಕ್ಕೆ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಆಗಲೂ ಹೀಗೇ," ಅಂದಳು ಉಮಾವತಿ.

ಯಾವಾಗ ಎಂದು ಜಯಾನಂದರು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಕೈಯ ಮೂಳೆ ಮುರಿದಿತ್ತು. ಅದಕ್ಕೆ ಪಟ್ಟಿ ಹಾಕಿದರು, ಕೂಡಿತು. ಆದರೆ ಉಮಾವತಿಯ ಎದೆ ಮೊದಲೇ ಬಲವಿಲ್ಲದ್ದು. ಯಾವ ದಿನ ಏನಾಗುತ್ತದೆ ಹೇಳಲಿಕ್ಕಾಗದು, ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ವರ್ಷದ ಹಿಂದೆಯೇ ಹೇಳಿದ್ದರು. ಇಡೀ ದಿನ ಗಂಡ ಎದುರಿಗೆ ಕೂತಿದ್ದರೆ ಅವಳಿಗೇ ಆಗುತ್ತಿರಲಿಲ್ಲ. "ನನ್ನ ಮುಖ ನೋಡ್ತಾ ಕೂತ್ರೆ ನಾನು ನಾಳೆಯೇ ಹೋಗ್ತೇನೆ, ನೀವು ಎಲೆ ಆಡ್ಲಿಕ್ಕೆ ಹೋಗಿ" ಎಂದು ಅಟ್ಟುತ್ತಿದ್ದಳು. ಆ ಗುಂಡಿ ಬಂದದ್ದು ಅದಕ್ಕೇ.

ಗುಂಡಿಯನ್ನೂ ಅದರ ಪೆಟ್ಟಿಗೆಗಳನ್ನೂ ತಂದವಳು ಧನ್ಯಾ. ಜನಕಪುರಿಯಲ್ಲಿ ಮನೆ, ಅಪ್ಪ ಕೇಂದ್ರ ಸರ್ಕಾರದಲ್ಲಿ ಗುಮಾಸ್ತ, ಮೂಲ ಹಾಸನದ ಕಡೆ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯಲ್ಲೇ. ಮಾನೇಸರಿನ ಒಂದು ಸಣ್ಣ ಕಂಪನಿಯಲ್ಲಿ ಇಂಥ ಪೆಟ್ಟಿಗೆ ಮಾಡುವ ಕೆಲಸ. ಗೋಡೆ ಕೊರೆಯಬೇಕಿಲ್ಲ, ತಂತಿ ಎಳೆಯಬೇಕಿಲ್ಲ. ಮಹಡಿಗೊಂದರಂತೆ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ, ಒಳಗೆ ಎರಡು ಬ್ಯಾಟರಿ. ಗುಂಡಿ ಒತ್ತಿದರೆ ಸುದ್ದಿ ಏಳನೇ ಮಹಡಿಯ ಪೆಟ್ಟಿಗೆಗೆ, ಅದರಿಂದ ಆರಕ್ಕೆ, ಆರರಿಂದ ಐದಕ್ಕೆ, ಹೀಗೆ ಕೈಯಿಂದ ಕೈಗೆ ಇಳಿದು ಗೇಟಿನ ದೀಪ ಹತ್ತುತ್ತದೆ. ಬ್ಯಾಟರಿ ಉಳಿಯಲೆಂದು ಪೆಟ್ಟಿಗೆಗಳು ಮಲಗಿರುತ್ತವೆ. ಆಗಾಗ ಕಣ್ಣುರೆಪ್ಪೆ ಹೊಡೆಯುವಷ್ಟು ಹೊತ್ತು ಎದ್ದು, ಮೇಲಿನವನು ಏನಾದರೂ ಹೇಳುತ್ತಿದ್ದಾನೋ ಎಂದು ಕಿವಿಗೊಟ್ಟು, ಮತ್ತೆ ಮಲಗುತ್ತವೆ.

ಮೊದಲು ಅವು ಹದಿನೈದು ಸೆಕೆಂಡಿಗೊಮ್ಮೆ ಏಳುತ್ತಿದ್ದವು. ಎರಡೇ ತಿಂಗಳಲ್ಲಿ ಬ್ಯಾಟರಿ ಸತ್ತವು. ಪ್ರತಿ ಸಲ ಏಣಿ ಹಿಡಿದು ಏಳು ಮಹಡಿ ಹತ್ತಬೇಕೆಂದು ರಾಮ್‌ಬೀರ್ ಗೊಣಗಿದ. ಮೀಟಿಂಗು ಕರೆದರು. ಮಲಗುವ ಹೊತ್ತನ್ನು ಎರಡು ನಿಮಿಷ ಮಾಡಿದರೆ ಬ್ಯಾಟರಿ ವರ್ಷ ಬರಬಹುದು, ಆದರೆ ಸುದ್ದಿ ತಡವಾಗುತ್ತದೆ ಎಂದು ಧನ್ಯಾ ಹಿಂಜರಿದಳು. ಎಷ್ಟು ತಡ ಎಂದು ಅವಳು ಹೇಳುವ ಮೊದಲೇ ಜಯಾನಂದರು ಕೈಯೆತ್ತಿದ್ದರು.

"ಎರಡು ನಿಮಿಷ ತಾನೇ? ಮಲಗಲಿ ಬಿಡಿ ಪಾಪ. ನಿದ್ದೆ ಕೆಡಿಸಿದರೆ ಯಾವುದೂ ಬಾಳಿಕೆ ಬರೂದಿಲ್ಲ."

ಜನ ನಕ್ಕರು, ಒಪ್ಪಿದರು. ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುತ್ತವೆ, ಹೆಚ್ಚೆಂದರೆ ಎರಡು ನಿಮಿಷ ತಡವಾದೀತು ಎಂದು ಜಯಾನಂದರ ಲೆಕ್ಕ. ಒಂದೊಂದೂ ತನ್ನ ಮನಸ್ಸಿಗೆ ಬಂದ ಹೊತ್ತಿಗೆ ಏಳುತ್ತದೆ, ಸುದ್ದಿ ಪ್ರತಿ ಮಹಡಿಯಲ್ಲೂ ಕೆಳಗಿನವನು ಏಳುವವರೆಗೆ ಕಾಯುತ್ತ ನಿಲ್ಲುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಹನ್ನೊಂದು ನಿಮಿಷ ಹೋದದ್ದು ಹಾಗೆ. ಅವರು ಕೂತು ನಗುತ್ತಿದ್ದ ಕೋಣೆಗೂ ಆ ಕೆಂಪು ದೀಪಕ್ಕೂ ಮೂವತ್ತು ಹೆಜ್ಜೆ.

ಅಂದಿನಿಂದ ಜಯಾನಂದರಿಗೆ ಒಂದೇ ಹಠ. ಅವಳು ಹೋಗುವುದನ್ನು ತಡೆಯಲಿಕ್ಕೆ ಯಾರಿಂದಲೂ ಆಗದು, ಅದು ಅವರಿಗೆ ಗೊತ್ತು. ಆದರೆ ಹೋಗುವಾಗ ಅವಳು ಕರೆದರೆ ತಾನು ಹತ್ತಿರ ಇರಬೇಕು. ಈ ಒಂದು ಸಲ ತಡವಾಗಬಾರದು.

ಆಷಾಢದ ಒಂದು ಭಾನುವಾರ ಧನ್ಯಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಬಾಗಿಲಲ್ಲೇ ಕಣ್ಣು ತುಂಬಿಕೊಂಡು ನಿಂತಳು. "ಅಜ್ಜಾ, ಸಾರಿ. ಗಲತಿ ನಂದೇ. ಮೀಟಿಂಗಲ್ಲಿ ನಾನು ಜೋರಾಗಿ ಹೇಳ್ಬೇಕಿತ್ತು."

"ನೀನು ಹೇಳ್ಲಿಕ್ಕೆ ಹೊರಟಿದ್ದೆ ಮಗಾ. ನಡುವೆ ಬಾಯಿ ಹಾಕಿದವ ನಾನು. ಕೂತ್ಕೋ, ನೀರುದೋಸೆ ಇದೆ."

ದೋಸೆ ತಿನ್ನುತ್ತ ಅವಳು ತನ್ನ ಕಷ್ಟ ಹೇಳಿಕೊಂಡಳು. ಪೆಟ್ಟಿಗೆಗಳನ್ನು ಬೇಗ ಬೇಗ ಎಬ್ಬಿಸಿದರೆ ಬ್ಯಾಟರಿ ಹೋಗುತ್ತದೆ. ಮಲಗಿಸಿದರೆ ಸುದ್ದಿ ಹೋಗುವುದಿಲ್ಲ. ಎರಡು ನಿಮಿಷ ಮಲಗಿಸಿದರೂ ಅಂದುಕೊಂಡಷ್ಟು ಬ್ಯಾಟರಿ ಉಳಿಯಲಿಲ್ಲ, ಏಳುವುದಕ್ಕಿಂತ ದೊಡ್ಡ ಖರ್ಚು ಬೇರೆಯಂತೆ. ನಾನು ಚೆನ್ನಾಗಿದ್ದೇನೆ ಎಂದು ಪ್ರತಿ ಮನೆಯ ಗುಂಡಿಯೂ ಆಗಾಗ ಹೇಳಿಕೊಳ್ಳುತ್ತದೆ. ಆ ಮಾತನ್ನು ಕೆಳಗೆ ದಾಟಿಸಬೇಕಾದ ಪೆಟ್ಟಿಗೆ, ಕೆಳಗಿನದು ಏಳುವವರೆಗೂ ತಾನು ಎಚ್ಚರವಿದ್ದು ಕೂಗುತ್ತಲೇ ಇರಬೇಕು. ಬ್ಯಾಟರಿ ಹೆಚ್ಚು ತಿನ್ನುವುದು ಆ ಕೂಗು.

ಜಯಾನಂದರು ದೋಸೆಯ ಸಟ್ಟುಗ ಹಿಡಿದು ಹಾಗೇ ನಿಂತರು.

"ಮಲಗುವಾಗ ಸಾಲಾಗಿ ಮಲಗಿಸ್ಲಿಕ್ಕೆ ಬರೂದಿಲ್ವಾ ನಿನಗೆ?"

"ಸಾಲಾಗಿ ಮತ್ಲಬ್?"

"ನಾವು ಮಲಗ್ತಿದ್ದ ಹಾಗೆ."

ಕರೋಲ್‌ಬಾಗಿನ ಆ ಹೋಟೆಲಿನಲ್ಲಿ ಒಲೆಯ ಮೇಲೊಂದು ಅಟ್ಟ ಇತ್ತು. ಆರು ಜನ ಅಲ್ಲಿ ಸಾಲಾಗಿ ಮಲಗುತ್ತಿದ್ದರು, ಬೇಕಾದಲ್ಲಿ ಅಲ್ಲ, ಏಳುವ ಸರದಿಯಲ್ಲಿ. ಮೊದಲು ರುಬ್ಬುವವ, ಅವನ ಮಗ್ಗುಲಿಗೆ ಒಲೆ ಹೊತ್ತಿಸುವವ, ಆಮೇಲೆ ಇಡ್ಲಿಯವ, ಸಾಂಬಾರಿನವ, ಕಾಫಿಯವ, ಕೊನೆಗೆ ಗಲ್ಲದಲ್ಲಿ ಕೂತು ದುಡ್ಡು ತೆಗೆದುಕೊಳ್ಳುವ ಚಂದ್ರಕಾಂತ. ಗಡಿಯಾರ ಇದ್ದದ್ದು ರುಬ್ಬುವವನ ತಲೆಯ ಹತ್ತಿರ ಮಾತ್ರ, ಮತ್ತು ರುಬ್ಬುವವ ಜಯಾನಂದರೇ. ಅವರು ತಮ್ಮ ಕೆಲಸ ಒಂದು ಹದಕ್ಕೆ ಬಂದಾಗ ಮೇಲೆ ಹೋಗಿ ಮಗ್ಗುಲಿನವನ ಕಾಲಿನ ಹೆಬ್ಬೆರಳು ಹಿಡಿದು ಒತ್ತುತ್ತಿದ್ದರು. ಕೂಗು ಇಲ್ಲ, ಗಲಾಟೆ ಇಲ್ಲ. ಅವನು ಎದ್ದು ಕೂತದ್ದನ್ನು ಕಣ್ಣಾರೆ ನೋಡಿಯೇ ಇಳಿಯಬೇಕು. ಅವನು ತನ್ನ ಕೆಲಸ ಹದಕ್ಕೆ ಬಂದಾಗ ಮುಂದಿನವನ ಹೆಬ್ಬೆರಳು ಒತ್ತಬೇಕು. ಹಿಟ್ಟು ಒಲೆಯ ಹತ್ತಿರ ಬರುವುದಕ್ಕೂ ಒಲೆಯವ ಕಣ್ಣುಜ್ಜಿಕೊಂಡು ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಯಾರೂ ಯಾರಿಗೂ ಕಾಯುತ್ತಿರಲಿಲ್ಲ, ಯಾರ ನಿದ್ದೆಯೂ ಒಂದು ಗಳಿಗೆ ಹೆಚ್ಚು ಕೆಡುತ್ತಿರಲಿಲ್ಲ.

ಧನ್ಯಾ ಕೈತೊಳೆಯುವುದನ್ನೂ ಮರೆತು ಕೇಳುತ್ತಿದ್ದಳು. "ಏಳನೇ ಮಹಡಿಯದು ಎದ್ದ ತಕ್ಷಣ ಆರನೇದು, ಆರಾದ ತಕ್ಷಣ ಐದು... ಹಾಗಾದ್ರೆ ಕೂಗೋ ಟೈಮೇ ಇಲ್ಲ. ಆ ಉಳಿದ ಬ್ಯಾಟರಿಯಲ್ಲಿ ಹತ್ತು ಸೆಕೆಂಡಿಗೊಮ್ಮೆ ಎಬ್ಬಿಸಬಹುದು!" ಆಮೇಲೆ ಮುಖ ಸಪ್ಪಗಾಯಿತು. "ನಮ್ಮ ಕಂಪನಿಯಲ್ಲಿ ಇದನ್ನ ಟ್ರೈ ಮಾಡಿದ್ರು ಅಜ್ಜಾ. ಒಳಗಿನ ಗಡಿಯಾರ ನಿಲ್ಲಲ್ಲ. ಮೇಲಿನ ಮಹಡಿಯಲ್ಲಿ ಬಿಸಿಲು ಜಾಸ್ತಿ, ಕೆಳಗೆ ಕಡಿಮೆ. ಸೆಕೆಗೆ ಒಂದು ಮುಂದೆ ಓಡುತ್ತೆ, ಒಂದು ಹಿಂದೆ ಬೀಳುತ್ತೆ. ವಾರದಲ್ಲಿ ಸಾಲು ಕೆಡುತ್ತೆ."

"ನಮ್ಮಲ್ಲಿ ಉಳಿದ ಐದು ಜನಕ್ಕೆ ಗಡಿಯಾರವೇ ಇರ್ಲಿಲ್ವಲ್ಲ ಮಗಾ. ಎಬ್ಬಿಸಿದ ಕೈಯೇ ಗಡಿಯಾರ. ಹೆಬ್ಬೆರಳು ಒತ್ತಿದಾಗ ಎಷ್ಟು ಗಂಟೆಯೋ ಅದೇ ಅವನ ಗಂಟೆ."

ಧನ್ಯಾ ತಟ್ಟೆ ಸರಿಸಿದಳು. "ಅಚ್ಛಾ... ಮೇಲಿಂದ ಸುದ್ದಿ ಬಂದಾಗಲೆಲ್ಲ ಕೆಳಗಿನದು ತನ್ನ ಟೈಮ್ ಅದಕ್ಕೆ ಸರಿ ಮಾಡ್ಕೋಬೇಕು. ದಿನಕ್ಕೆ ನೂರು ಸಲ ಬರುತ್ತೆ ಹೇಗೂ." ಅವಳು ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದು ಬರೆದುಕೊಳ್ಳತೊಡಗಿದಳು. ಬರೆಯುತ್ತ ಬರೆಯುತ್ತ, ತಲೆ ಎತ್ತದೆ, ಕೇಳಿಯೇ ಬಿಟ್ಟಳು.

"ಆದ್ರೆ ಅಜ್ಜಾ, ಮಧ್ಯದಲ್ಲಿ ಯಾರಿಗಾದ್ರೂ ಎಮರ್ಜೆನ್ಸಿ ಬಂದ್ರೆ? ಸರದಿ ಅಲ್ಲದ ಹೊತ್ತಲ್ಲಿ ಎಬ್ಬಿಸ್ತಿದ್ರಾ?"

ಜಯಾನಂದರು ಸಟ್ಟುಗವನ್ನು ಕೆಳಗಿಟ್ಟರು.

ಒಳಕೋಣೆಯಿಂದ ಉಮಾವತಿಯ ದನಿ ಬಂತು. ಅವಳು ಮಲಗಿದ್ದಾಳೆ ಅಂದುಕೊಂಡಿದ್ದರು. "ಹೇಳಿ. ಎಬ್ಬಿಸ್ತಿದ್ರಾ?"

"ಇಲ್ಲ," ಅಂದರು ಜಯಾನಂದರು. "ಸರದಿ ಇಲ್ಲದೆ ಯಾರನ್ನೂ ಎಬ್ಬಿಸಬಾರದು ಅಂತಲೇ ಇತ್ತು."

"ನನ್ನ ತಂತಿ ಬಂದದ್ದು ಯಾವಾಗ?"

ನಲವತ್ತೈದು ವರ್ಷ ಅವರು ಒಂದೇ ಮಾತು ಹೇಳಿಕೊಂಡು ಬಂದಿದ್ದರು. ತಂತಿಯನ್ನು ಪೋಸ್ಟಾಫೀಸಿನವರು ತಡ ಮಾಡಿದರು ಅಂತ. ಅಂದು ದೋಸೆಯ ಕಾವಲಿ ಆರುತ್ತಿದ್ದಂತೆ, ಆ ಪರ ಮನೆಯ ಹುಡುಗಿಯ ಎದುರಿಗೇ ಅವರು ನಿಜ ಹೇಳಿದರು.

ಅವರ ಮಗಳು ಹರ್ಷಿಣಿಗೆ ಆಗ ನಾಲ್ಕು ವರ್ಷ. ಉಮಾವತಿ ಊರಿನಲ್ಲಿ, ಇವರು ದಿಲ್ಲಿಯಲ್ಲಿ. ಮಗುವಿಗೆ ಜ್ವರ ತಲೆಗೇರಿದೆ, ಕೂಡಲೇ ಬಾ ಎಂಬ ತಂತಿ ಸೋಮವಾರ ಹಗಲು ಹನ್ನೆರಡಕ್ಕೆ ಹೋಟೆಲಿಗೆ ಬಂದಿತ್ತು. ಜಯಾನಂದರು ಬೆಳಗಿನ ರುಬ್ಬುವ ಕೆಲಸ ಮುಗಿಸಿ ಹನ್ನೊಂದಕ್ಕೆ ಮಲಗಿದ್ದರು. ಚಂದ್ರಕಾಂತನಿಗೆ ಇಂಗ್ಲಿಷ್ ಓದಲಿಕ್ಕೆ ಬರುತ್ತಿರಲಿಲ್ಲ. ತಂತಿಯನ್ನು ಗಲ್ಲದ ಮೇಲಿನ ದೇವರ ಪಟದ ಹಿಂದೆ ಸಿಕ್ಕಿಸಿ, ಬಡವ ಬೆಳಗಿಂದ ದುಡಿದಿದ್ದಾನೆ, ಅವನ ಹೊತ್ತಿಗೆ ಏಳಲಿ ಅಂದ. ನಾಲ್ಕೂವರೆಗೆ ಇವರು ಎದ್ದರು. ಊರ ಕಡೆಯ ರೈಲು ಐದಕ್ಕೆ. ಸ್ಟೇಷನ್ನಿಗೆ ಓಡಿದಾಗ ಕೊನೆಯ ಡಬ್ಬಿ ಕಣ್ಣೆದುರೇ ದಾಟಿತು. ಮರುದಿನದ ರೈಲು ಹಿಡಿದು ಶುಕ್ರವಾರ ಸಂಜೆ ಊರು ಮುಟ್ಟಿದರು. ಶುಕ್ರವಾರ ಬೆಳಿಗ್ಗೆಯೇ ಮಣ್ಣು ಮಾಡಿ ಆಗಿತ್ತು. ಗುರುವಾರ ಇಡೀ ದಿನ ಮಗು ಬಾಗಿಲು ನೋಡುತ್ತಿತ್ತು ಎಂದು ಉಮಾವತಿ ಹೇಳಿದ್ದಳು. ಹೇಳಿದ್ದು ಒಂದೇ ಸಲ.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಚಂದ್ರಕಾಂತಣ್ಣ," ಅಂದಳು ಉಮಾವತಿ. "ಸಾಯುವವರೆಗೂ ಪ್ರತಿ ವರ್ಷ ಊರಿಂದ ಹಲಸಿನ ಹಪ್ಪಳ ತಂದುಕೊಡ್ತಿದ್ದ. ಮನೆ ಒಳಗೆ ಮಾತ್ರ ಬರ್ತಿರ್ಲಿಲ್ಲ. ಹೊಸಿಲ ಮೇಲೆ ಇಟ್ಟು ಹೋಗ್ತಿದ್ದ. ಯಾಕೆ ಅಂತ ಈಗ ಗೊತ್ತಾಯ್ತು."

ಆಮೇಲೆ ನಾಲ್ಕು ದಿನ ಅವಳು ಗಂಡನೊಡನೆ ಮಾತಾಡಲಿಲ್ಲ. ಮಾತ್ರೆ ಕೊಟ್ಟರೆ ನುಂಗಿದಳು, ಗಂಜಿ ಕೊಟ್ಟರೆ ಕುಡಿದಳು. ಜಯಾನಂದರೂ ಮಾತಾಡಿಸಲಿಲ್ಲ. ಅಷ್ಟು ವರ್ಷ ತಡ ಮಾಡಿದವನಿಗೆ ನಾಲ್ಕು ದಿನ ಕಾಯಲು ಏನು ಕಷ್ಟ ಎಂದು ಸುಮ್ಮನಿದ್ದರು. ಐದನೆಯ ದಿನ ಬೆಳಿಗ್ಗೆ, "ಹ್ವಾಯ್, ಕಾಫಿಗೆ ಸಕ್ಕರೆ ಕಮ್ಮಿ," ಅಂದಳು. ಅವರು ಅಡಿಗೆಮನೆಗೆ ಹೋಗಿ ಸಕ್ಕರೆ ಡಬ್ಬಿಯ ಮುಚ್ಚಳ ಹಿಡಿದು ನಿಂತೇ ಕಣ್ಣೊರೆಸಿಕೊಂಡರು.

ಶ್ರಾವಣ ಬರುವಾಗ ಧನ್ಯಾ ಹೊಸ ಸರದಿ ತುಂಬಿ ಪೆಟ್ಟಿಗೆಗಳನ್ನು ಮತ್ತೆ ಹಚ್ಚಿದಳು. ಮೊದಲ ದಿನ ನಾಲ್ಕನೇ ಮಹಡಿಯಲ್ಲಿ ಸುದ್ದಿ ನಿಂತುಬಿಟ್ಟಿತು. ಆ ಪೆಟ್ಟಿಗೆಗೂ ಕೆಳಗಿನದಕ್ಕೂ ನಡುವೆ ಲಿಫ್ಟಿನ ಕಬ್ಬಿಣದ ಬಾಗಿಲಿತ್ತು. ಕೆಳಗಿನದು ಎದ್ದದ್ದನ್ನು ನೋಡದೆಯೇ ಮೇಲಿನದು ಮಲಗುತ್ತಿತ್ತು. "ಎದ್ದು ಕೂತದ್ದು ನೋಡಿಯೇ ಇಳಿಯಬೇಕು ಅಂದಿದ್ದೆ ನಾನು," ಅಂದರು ಜಯಾನಂದರು. ಧನ್ಯಾ ನಾಲಿಗೆ ಕಚ್ಚಿಕೊಂಡಳು. ಪೆಟ್ಟಿಗೆಯನ್ನು ಮೆಟ್ಟಿಲ ಕಡೆಯ ಗೋಡೆಗೆ ಸರಿಸಿದಳು, ಕೆಳಗಿನದು ಹೂಂ ಅನ್ನುವವರೆಗೆ ಮೇಲಿನದು ಮಲಗದ ಹಾಗೆ ತಿದ್ದಿದಳು. ಮತ್ತೆ ಗುಂಡಿ ಒತ್ತಿದರು. ಗೇಟಿನಲ್ಲಿ ಎಣಿಸುತ್ತ ನಿಂತ ರಾಮ್‌ಬೀರ್ ಆರು ಅನ್ನುವುದರೊಳಗೆ ದೀಪ ಹತ್ತಿತು. ಹತ್ತು ಸಲ ನೋಡಿದರು. ಒಮ್ಮೆಯೂ ಹನ್ನೆರಡು ಸೆಕೆಂಡು ದಾಟಲಿಲ್ಲ.

ಆಮೇಲೊಂದು ದಿನ ಮಧ್ಯಾಹ್ನ ಇಸ್ಪೀಟಿನ ನಡುವೆ ದೀಪ ಹತ್ತಿತು. ಜಯಾನಂದರು ಎಲೆ ಚೆಲ್ಲಿ ಓಡಿದರು. ಲಿಫ್ಟು ಹತ್ತಿ, ಬಾಗಿಲು ತೆರೆದು, ಎದೆ ಹಿಡಿದುಕೊಂಡು ಒಳಗೆ ಬಂದರೆ ಉಮಾವತಿ ಕುರ್ಚಿಯಲ್ಲಿ ಕೂತು ಅಲಸಂಡೆ ಸೋಸುತ್ತಿದ್ದಳು.

"ಮೂರು ನಿಮಿಷ," ಅಂದಳು ಗಡಿಯಾರ ನೋಡಿ. "ಆರು ಸೆಕೆಂಡು ಅಂದಿದ್ರಿ."

"ಆರು ಸೆಕೆಂಡು ಸುದ್ದಿಗೆ ಮಾರಾಯ್ತಿ! ಮುದುಕನ ಕಾಲಿಗಲ್ಲ!"

"ಹಾಗಾದ್ರೆ ಕಾಲಿಗೂ ಏನಾದ್ರೂ ಮಾಡಿಸ್ಕೊಳ್ಳಿ ಆ ಹುಡುಗಿ ಹತ್ರ."

ಅವರು ಕೂತು ಏದುಸಿರು ಬಿಡುತ್ತ ನಕ್ಕರು. ಅವಳೂ ನಕ್ಕಳು. ಹರ್ಷಿಣಿ ಹೋದಮೇಲೆ ಅವಳು ಹಾಗೆ ಬಾಯಿ ತೆರೆದು ನಕ್ಕದ್ದನ್ನು ಜಯಾನಂದರು ಬೆರಳಲ್ಲಿ ಎಣಿಸಬಹುದಿತ್ತು.

ದೀಪಾವಳಿ ಬಂತು. ಪಟಾಕಿಯ ಹೊಗೆ, ಹೊಲ ಸುಟ್ಟ ಹೊಗೆ ಎಲ್ಲ ಸೇರಿ ಆಕಾಶ ಬೂದಿಯಾಯಿತು. ಮೂರನೇ ಟವರಿನಿಂದ ಎರಡನೇ ಟವರು ಕಾಣುತ್ತಿರಲಿಲ್ಲ. ಉಮಾವತಿಯ ಉಸಿರು ಗಟ್ಟಿಯಾಗಿ ಕೇಳತೊಡಗಿತು. ಜನಕಪುರಿಯಲ್ಲಿ ಹೋಟೆಲು ನಡೆಸುವ ಅಣ್ಣನ ಮಗ ಅಕ್ಷಯ್ ಬಂದು, "ಚಿಕ್ಕಪ್ಪ, ಆಸ್ಪತ್ರೆಗೆ ಸೇರಿಸೋಣ" ಅಂದ. ಒಂದು ವಾರ ಸೇರಿಸಿದರು, ಮನೆಗೆ ಕಳಿಸಿದರು. ಇನ್ನು ಮಾಡುವುದು ಹೆಚ್ಚೇನಿಲ್ಲ ಎಂದು ಡಾಕ್ಟರು ಅಕ್ಷಯನಿಗೆ ಹಿಂದಿಯಲ್ಲಿ ಹೇಳಿದ್ದು ಉಮಾವತಿಗೂ ಅರ್ಥವಾಗಿತ್ತು.

ಮನೆಗೆ ಬಂದ ಮೇಲೊಂದು ಬೆಳಿಗ್ಗೆ ಅವಳೇ ಅಟ್ಟಿದಳು. "ಹೋಗಿ, ಒಂದು ಆಟ ಆಡಿ ಬನ್ನಿ. ಜಗನ್ನಾಥರು ಕಾಯ್ತಿರ್ತಾರೆ." ಜಯಾನಂದರು ಒಲ್ಲೆ ಅಂದರು. "ಕರೀತೇನಲ್ಲ," ಅಂದಳು ಗುಂಡಿ ಮುಟ್ಟಿಕೊಂಡು. "ಈಗ ಕರೆದ್ರೆ ಕೇಳ್ತದಲ್ಲ."

ಎಲೆ ಹಂಚಿ ಎರಡು ಸುತ್ತು ಆಗಿರಬಹುದು. ರಾಮ್‌ಬೀರ್ ಬಾಗಿಲಿಗೆ ಬರುವ ಮೊದಲೇ ಜಯಾನಂದರು ಎದ್ದಿದ್ದರು. ದೀಪದ ಕೆಂಪು ಕಿಟಕಿಯ ಗಾಜಿನಲ್ಲಿ ಬಿದ್ದಿತ್ತು. ಜಗನ್ನಾಥರು ಮುಂದೆ ಓಡಿ ಲಿಫ್ಟು ಹಿಡಿದು ನಿಲ್ಲಿಸಿದ್ದರು.

ಉಮಾವತಿ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಗಡಿಯಾರದ ಕಡೆ ನೋಡಲಿಲ್ಲ.

"ಹ್ವಾಯ್. ಬಂದ್ರಾ?"

"ಬಂದೆ ಉಮಾ. ಬಂದೆ."

ಅವರ ಮುಷ್ಟಿಯಲ್ಲಿ ಹದಿಮೂರು ಎಲೆ ಹಾಗೇ ಇದ್ದವು. ಅವಳು ಮೆಲ್ಲಗೆ ಕೈಚಾಚಿ ಅವನ್ನು ತನ್ನ ಕಡೆ ತಿರುಗಿಸಿ ನೋಡಿದಳು. ಉಸಿರಿಗಾಗಿ ನಿಂತು ನಿಂತು ಅಂದಳು: "ಒಂದು ಜೋಕರ್ ಬಿಟ್ರೆ... ಏನೂ ಇಲ್ವಲ್ಲ ಇದ್ರಲ್ಲಿ. ಸೋಲ್ತಿದ್ರಿ."

"ಸೋಲ್ತಿದ್ದೆ," ಅಂದರು ಜಯಾನಂದರು.

ಅವರು ಹತ್ತಿರ ಕೂತರು. ಅವಳು ಅವರ ಮಣಿಕಟ್ಟು ಹಿಡಿದುಕೊಂಡಳು. ಆಂಬುಲೆನ್ಸಿಗೂ ಅಕ್ಷಯನಿಗೂ ಹೇಳಿದೆ ಎಂದು ಜಗನ್ನಾಥರು ಬಾಗಿಲಲ್ಲಿ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಕೆಳಗೆ ಅಕ್ಷಯನ ಕಾರು ಬಂದ ಸದ್ದಾಯಿತು. ಹಿಡಿತ ಸಡಿಲವಾದದ್ದು ಯಾವಾಗ ಎಂದು ಜಯಾನಂದರಿಗೆ ತಿಳಿಯಿತು, ಆದರೆ ಯಾರಿಗೂ ಹೇಳಲಿಲ್ಲ. ಮೆಲ್ಲಗೆ ಎದ್ದು ಮಂಚದ ಕೊನೆಗೆ ಹೋಗಿ, ಹೊದಿಕೆ ಸರಿಸಿ, ಅವಳ ಕಾಲಿನ ಹೆಬ್ಬೆರಳನ್ನು ಹಿಡಿದು ಒತ್ತಿದರು. ಎದ್ದು ಕೂರುತ್ತಾಳೋ ಎಂದು ನೋಡುತ್ತ ನಿಂತರು. ಅಕ್ಷಯ್ ಒಳಗೆ ಬಂದು ಭುಜ ಮುಟ್ಟುವವರೆಗೂ ಹಾಗೇ ನಿಂತಿದ್ದರು.

ಸಂಜೆ ಧನ್ಯಾ ಬಂದಳು. ಬರಿಗಾಲಲ್ಲಿ ಮೂಲೆಯಲ್ಲಿ ಕೂತು ಅತ್ತಳು. ಗುಂಡಿ ಒತ್ತಿದ್ದು ಹತ್ತು ಹದಿನಾಲ್ಕಕ್ಕೆ, ಗೇಟು ಮುಟ್ಟಿದ್ದು ಐದು ಸೆಕೆಂಡಿಗೆ ಎಂದು ಅವಳ ಫೋನಿನಲ್ಲಿ ಬಂದಿತ್ತು. ಜಯಾನಂದರು ಅದನ್ನು ಅವಳಿಂದ ಎರಡು ಸಲ ಓದಿಸಿದರು.

ಉಮಾವತಿ ಹೋದದ್ದು ಕಾರ್ತಿಕದಲ್ಲಿ, ದೀಪಾವಳಿ ಕಳೆದ ಎರಡನೆಯ ಬುಧವಾರ.